ಬಡಿತ ಯಾರ ಕೈಯಲ್ಲಿದೆ? ಹೈದರಾಬಾದಿನ ರಾಜಕೀಯ ಹಾಡು ಮತ್ತು ಡಬ್ ಕಾವ್ಯದ ಪ್ರಶ್ನೆ

1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ಅದೇ ವರ್ಷ ಲಂಡನ್ನಿನಲ್ಲಿ ಇಪ್ಪತ್ತೈದರ ಆಸುಪಾಸಿನ ಜಮೈಕಾ ಮೂಲದ ಕವಿ ಲಿಂಟನ್ ಕ್ವೆಸಿ ಜಾನ್ಸನ್ ‘ಡ್ರೆಡ್ ಬೀಟ್ ಆ್ಯನ್ ಬ್ಲಡ್’ ಎಂಬ ಆಲ್ಬಮ್ ತಂದರು. ಎರಡೂ ಕಡೆ ಮಾಡಿದ ಕೆಲಸ ಒಂದೇ, ಅಚ್ಚಾದ ಕವಿತೆಯನ್ನು ಸಂಗೀತದ ಜೊತೆ ಮನೆಮನೆಗೆ ಮುಟ್ಟಿಸುವುದು. ಬೆಂಗಳೂರಿನ ಕ್ಯಾಸೆಟ್ಟಿನಲ್ಲಿ ನಾಡು, ನಿಸರ್ಗ, ಮನಸ್ಸಿನ ಒಳತೋಟಿ ಇದ್ದವು. ಲಂಡನ್ನಿನ ತಟ್ಟೆಯಲ್ಲಿ ಪೊಲೀಸರ ಲಾಠಿ, ವರ್ಣದ್ವೇಷ, ಬೀದಿಯ ಜಗಳ ಇದ್ದವು. ಮೊದಲನೆಯದನ್ನು ಸುಗಮ ಸಂಗೀತ ಎಂದರು. ಎರಡನೆಯದಕ್ಕೆ ಡಬ್ ಕಾವ್ಯ ಎಂಬ ಹೆಸರು ನಿಂತಿತು.

ಆ ಹೊತ್ತಿಗೆ ಹೈದರಾಬಾದಿನಲ್ಲಿ ಮೂರನೆಯ ದಾರಿಯೊಂದು ತೆರೆದಿತ್ತು. ಜನನಾಟ್ಯ ಮಂಡಳಿಯ ಹಾಡುಗಾರರು ಕೊಳೆಗೇರಿಯಿಂದ ಕೊಳೆಗೇರಿಗೆ, ಹಳ್ಳಿಯಿಂದ ಹಳ್ಳಿಗೆ ಹೋಗಿ ರಾಜಕೀಯವನ್ನು ಹಾಡುತ್ತಿದ್ದರು. ರಾಜಕೀಯ ಕವಿತೆಗೆ ಬಡಿತ ಸೇರಿದರೆ ಆಗುವುದೇನು, ಕವಿತೆ ಬೆಳೆಯುತ್ತದೆಯೋ ಸವೆಯುತ್ತದೆಯೋ, ಅದನ್ನು ಧ್ವನಿಮುದ್ರಿಸಿ ಮಾರಿದರೆ ಅದರ ರಾಜಕೀಯ ಉಳಿಯುತ್ತದೆಯೋ ಎಂಬ ವಾಗ್ವಾದ ಈ ಊರಿನಷ್ಟು ದೀರ್ಘವಾಗಿ, ಇಷ್ಟು ಭಾಷೆಗಳಲ್ಲಿ ದಕ್ಷಿಣದ ಬೇರೆ ಯಾವ ಊರಿನಲ್ಲೂ ನಡೆದಿಲ್ಲ ಎಂದು ನಾನು ನಂಬಿದ್ದೇನೆ. ಕನ್ನಡಿಗರಿಗೂ ಇದು ಹೊರಗಿನ ಮಾತಲ್ಲ. ಬೀದರ್, ಕಲಬುರಗಿ, ರಾಯಚೂರು 1948ರವರೆಗೆ ಇದೇ ನಿಜಾಮನ ರಾಜ್ಯದಲ್ಲಿದ್ದವು. 1956ರಲ್ಲಿ ಭಾಷಾವಾರು ಗಡಿ ಎಳೆದರೂ ತತ್ವಪದಗಳೂ ಮೊಹರಂ ಪದಗಳೂ ಗಡಿ ನೋಡದೆ ಓಡಾಡುತ್ತಲೇ ಉಳಿದವು.

ಡಬ್ ಕಾವ್ಯ ಎಂದರೆ

ಮೊದಲು ಜಮೈಕಾದ ಕಥೆಯನ್ನು ಚುಟುಕಾಗಿ ಹೇಳಬೇಕು. ಅರವತ್ತರ ದಶಕದ ಕೊನೆಗೆ ಕಿಂಗ್‌ಸ್ಟನ್ನಿನಲ್ಲಿ ಕಿಂಗ್ ಟಬ್ಬಿಯಂಥ ಧ್ವನಿ ತಂತ್ರಜ್ಞರು ಹಾಡಿನ ಮುದ್ರಿಕೆಯಿಂದ ಗಾಯನವನ್ನು ತೆಗೆದುಹಾಕಿ ಬರೀ ಬೇಸ್ ಮತ್ತು ಡ್ರಮ್ ಉಳಿಸಿ, ಅದಕ್ಕೆ ಪ್ರತಿಧ್ವನಿ ಸೇರಿಸಿ, ಅದೇ ಹಾಡಿನ ಇನ್ನೊಂದು ರೂಪವನ್ನು ತಟ್ಟೆಯ ಹಿಂಬದಿಗೆ ಹಾಕತೊಡಗಿದರು. ಬೀದಿಯ ಸೌಂಡ್ ಸಿಸ್ಟಂಗಳಲ್ಲಿ ಯು-ರಾಯ್, ಬಿಗ್ ಯೂತ್ ಮೊದಲಾದ ಡೀಜೇಗಳು ಆ ಖಾಲಿ ಜಾಗದಲ್ಲಿ ನಿಂತು ಮಾತಾಡಿದರು. ಕುಣಿಯುವ ಜನಕ್ಕೆ ಅದೇ ಪತ್ರಿಕೆ, ಅದೇ ಪುರಾಣ. ಆ ಮಾತಿನ ಜಾಗಕ್ಕೆ ಬರೆದ ಕವಿತೆಯನ್ನು ತಂದವರು ಡಬ್ ಕವಿಗಳು. ಕಿಂಗ್‌ಸ್ಟನ್ನಿನಲ್ಲಿ ಓಕು ಒನೂರಾ, ಮುಟಬರೂಕ, ಮೈಕೇಲ್ ಸ್ಮಿತ್. ಇಂಗ್ಲೆಂಡಿನಲ್ಲಿ ಜಾನ್ಸನ್, ಬೆಂಜಮಿನ್ ಝೆಫನಾಯಾ. ಕೆನಡಾದಲ್ಲಿ ಲಿಲಿಯನ್ ಆ್ಯಲನ್.

ಇವರಲ್ಲಿ ಜಾನ್ಸನ್ ಕಥೆ ನಮ್ಮ ಪ್ರಶ್ನೆಗೆ ತೀರ ಹತ್ತಿರದ್ದು. ‘ಡ್ರೆಡ್ ಬೀಟ್ ಆ್ಯನ್ ಬ್ಲಡ್’ ಮೊದಲು 1975ರಲ್ಲಿ ಪುಸ್ತಕವಾಗಿತ್ತು. ಬಾರ್ಬಡೋಸ್ ಮೂಲದ ಸಂಗೀತಗಾರ ಡೆನಿಸ್ ಬೊವೆಲ್ ಜೊತೆ ಕೂತು ಮೂರು ವರ್ಷದ ಮೇಲೆ ಅದನ್ನು ಆಲ್ಬಮ್ ಮಾಡಿದರು. 1979ರಲ್ಲಿ ‘ಫೋರ್ಸಸ್ ಆಫ್ ವಿಕ್ಟರಿ’, 1980ರಲ್ಲಿ ‘ಬೇಸ್ ಕಲ್ಚರ್’ ಬಂದವು. ಅನುಮಾನ ಬಂದವರನ್ನೆಲ್ಲ ಹಿಡಿಯಲು ಪೊಲೀಸರಿಗೆ ಅವಕಾಶ ಕೊಟ್ಟಿದ್ದ ಕಾನೂನಿನ ವಿರುದ್ಧ ಕಪ್ಪು ಯುವಕರು ಹೋರಾಡುತ್ತಿದ್ದ ಕಾಲ ಅದು. 1981ರಲ್ಲಿ ಆ ಕಾನೂನು ಹೋಯಿತು. ಜಾನ್ಸನ್ ಈ ಆಲ್ಬಮ್‌ಗಳಲ್ಲಿ ಹಾಡುವುದಿಲ್ಲ. ತಗ್ಗಿದ, ಒಂದೇ ಮಟ್ಟದ ದನಿಯಲ್ಲಿ ಹೇಳುತ್ತ ಹೋಗುತ್ತಾರೆ. ಕೋಪವೆಲ್ಲ ಬೇಸ್ ಗಿಟಾರಿನಲ್ಲಿ. ಕವಿತೆ ಬರೆಯುವಾಗಲೇ ಆ ಬೇಸ್ ಗತಿ ಕಿವಿಯಲ್ಲಿರುತ್ತದೆ ಎಂದು ಅವರೇ ಹೇಳಿಕೊಂಡಿದ್ದಾರೆ. ವಾದ್ಯವಿಲ್ಲದೆ ಓದಿದರೂ ಒಳಗೆ ಜಮೈಕಾದ ರೆಗೆ ಸಂಗೀತದ ತಾಳ ಕೇಳಿಸಬೇಕು, ಅದೇ ಡಬ್ ಕವಿತೆ ಎಂಬುದು ಓಕು ಒನೂರಾ ಅವರ ವ್ಯಾಖ್ಯೆಯ ಸಾರ. ರಾಗವನ್ನು ಆಮೇಲೆ ತೊಡಿಸುವ ನಮ್ಮ ಭಾವಗೀತೆಯ ಕ್ರಮಕ್ಕೂ ಇದಕ್ಕೂ ಇರುವ ಅಂತರ ಇಲ್ಲೇ.

ಹೈದರಾಬಾದಿನ ದಾರಿ

ಹೈದರಾಬಾದಿಗೆ ತಾಳ ಬಂದದ್ದು ಹೊಲದಿಂದ. 1946ರಿಂದ 1951ರವರೆಗೆ ನಡೆದ ತೆಲಂಗಾಣ ಸಶಸ್ತ್ರ ಹೋರಾಟದಲ್ಲಿ ಬಂಡಿ ಯಾದಗಿರಿ, ಸುದ್ದಾಲ ಹನುಮಂತು ಮೊದಲಾದವರು ಹೊಸ ಛಂದಸ್ಸನ್ನು ಹುಡುಕಲು ಹೋಗಲಿಲ್ಲ. ಜನ ಮೊದಲೇ ಹಾಡಿಕೊಳ್ಳುತ್ತಿದ್ದ ಉಯ್ಯಾಲೆ ಪದ, ಕೋಲಾಟ, ಗೊಲ್ಲಸುದ್ದಿ, ಬುರ್ರಕಥೆಗಳ ಮಟ್ಟನ್ನೇ ಹಿಡಿದು ದೊರೆಗಳ, ರಜಾಕಾರರ, ನಿಜಾಮ್ ಸರ್ಕಾರದ ಮೇಲೆ ಪದ ಕಟ್ಟಿದರು. ಮಟ್ಟು ಗೊತ್ತಿದ್ದ ಕಾರಣಕ್ಕೆ ಹಾಡು ಒಂದೇ ರಾತ್ರಿಯಲ್ಲಿ ಬಾಯಿಗೆ ಬರುತ್ತಿತ್ತು. ಕಾಗದದ ಮೇಲೆ ಬರೆದಿಟ್ಟುಕೊಂಡರೆ ಸಿಕ್ಕಿಬೀಳುವ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ. ಉತ್ತರ ಕರ್ನಾಟಕದ ಕಣದಲ್ಲಿ ಎತ್ತು ಸುತ್ತಿಸುತ್ತ ಹಾಡುವ ಹಂತಿ ಪದ ಬಲ್ಲವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಮ್ಮೇಳವಾಗುತ್ತಾರೆ. ಎತ್ತಿಕೊಡುವವನು ಸೆರೆಗೆ ಹೋದರೂ ಹಿಮ್ಮೇಳದಲ್ಲಿ ನಿಂತವನು ಮುಂದೆ ಬರಬಲ್ಲ.

ಅದೇ ಹೋರಾಟಕ್ಕೆ ಉರ್ದುವಿನಲ್ಲಿ ದನಿಯಾದವರು ಮಖ್ದೂಮ್ ಮೊಹಿಯುದ್ದೀನ್ (1908–1969). ಮೇಷ್ಟರು, ಕಾರ್ಮಿಕ ನಾಯಕ, ಕಮ್ಯುನಿಸ್ಟ್, ಮುಶಾಯರಾಗಳ ಕಣ್ಮಣಿ. 1944ರ ‘ಸುರ್ಖ್ ಸವೇರಾ’ದ ಕವಿ ಅವರು. ಆದರೆ ಧ್ವನಿಮುದ್ರಣ ಅವರಲ್ಲಿ ಏನನ್ನು ಆರಿಸಿಕೊಂಡಿತು ನೋಡಿ. ಸಾಗರ್ ಸರಹದಿಯವರ ‘ಬಾಜಾರ್’ (1982) ಚಿತ್ರದಲ್ಲಿ ಅವರ ಪ್ರೇಮದ ಗಜಲ್ ಬಂತು, ಅದಕ್ಕೂ ಮೊದಲು 1964ರ ‘ಚಾ ಚಾ ಚಾ’ದಲ್ಲಿ ಇನ್ನೊಂದು ಪ್ರೇಮಗೀತೆ ಬಂದಿತ್ತು. ಇಂದು ದೇಶದ ತುಂಬ ಮಖ್ದೂಮರನ್ನು ಬಲ್ಲವರು ಹೆಚ್ಚಾಗಿ ಆ ಹಾಡುಗಳಿಂದಲೇ ಬಲ್ಲರು. ಕವಿಯ ಅರ್ಧ ಭಾಗ ಮಾತ್ರ ಉದ್ಯಮದ ಮೂಲಕ ದಾಟಿತು. ಧ್ವನಿಮುದ್ರಣವನ್ನು ಅನುಮಾನಿಸುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಪುಟದ ಪಕ್ಷ

ಹಾಡಿನ ದಾರಿಯನ್ನು ಎಲ್ಲರೂ ಒಪ್ಪಲಿಲ್ಲ. ಈ ವಾಗ್ವಾದದ ಮೊದಲ ಪಕ್ಷ ಹಾಡನ್ನಲ್ಲ, ಪುಟವನ್ನು ನಂಬಿದವರದು. ಕುಂದುರ್ತಿ ಆಂಜನೇಯುಲು 1958ರಲ್ಲಿ ಹೈದರಾಬಾದಿನಲ್ಲಿ ಫ್ರೀ ವರ್ಸ್ ಫ್ರಂಟ್ ಕಟ್ಟಿದರು. ತೆಲಂಗಾಣದ ರೈತ ಹೋರಾಟವನ್ನೇ ವಸ್ತುವಾಗಿಟ್ಟುಕೊಂಡು ಛಂದಸ್ಸಿಲ್ಲದ ಕಾವ್ಯ ಬರೆದವರು ಅವರು. ಪ್ರಜಾಪ್ರಭುತ್ವದ ಕಾಲಕ್ಕೆ ತಕ್ಕ ರೂಪ ವಚನ ಕವಿತೆ, ಅಂದರೆ ಆಡುಮಾತಿನ ಲಯದ ಗದ್ಯಗಂಧಿ ಕವಿತೆ ಎಂಬುದು ಅವರ ವಾದ. ತಾಳ ಮೈಮರೆಸುತ್ತದೆ, ನಾಗರಿಕನಿಗೆ ಬೇಕಾದದ್ದು ಎಚ್ಚರ ಎಂಬ ನಿಲುವು ಅದರ ಹಿಂದಿದೆ.

1965ರಲ್ಲಿ ಬಂದ ದಿಗಂಬರ ಕವಿಗಳೂ ಹೆಚ್ಚಾಗಿ ಈ ಸಾಲಿಗೇ ಸೇರುತ್ತಾರೆ. ಆರು ಜನ ಕವಿಗಳು ಹುಟ್ಟುಹೆಸರು ಬಿಟ್ಟು ಹೊಸ ಹೆಸರಿಟ್ಟುಕೊಂಡರು. ಮೊದಲ ಸಂಕಲನವನ್ನು ಹೈದರಾಬಾದಿನಲ್ಲಿ ನಡುರಾತ್ರಿ ಪಾಂಡು ಎಂಬ ರಿಕ್ಷಾ ಕಾರ್ಮಿಕನ ಕೈಯಿಂದ ಬಿಡುಗಡೆ ಮಾಡಿಸಿದರು. ಅದು ತೆಲುಗು ಸಾಹಿತ್ಯ ಮರೆಯಲಾರದ ರಾತ್ರಿ. ಆದರೆ ಆ ಪದ್ಯಗಳು ರಿಕ್ಷಾ ನಿಲ್ದಾಣದಲ್ಲಿ ಬಾಯಿಪಾಠವಾಗಿ ಉಳಿಯುವ ರೂಪದಲ್ಲಿರಲಿಲ್ಲ. ಏಳು ವರ್ಷದೊಳಗೆ ಅದೇ ಊರಿನಲ್ಲಿ ಇನ್ನೊಬ್ಬ ಯುವಕ ರಿಕ್ಷಾ ಎಳೆಯುವವನನ್ನೇ ಕರೆದು ನಿಲ್ಲಿಸಿ ಮಾತಾಡಿಸುವ ಹಾಡು ಕಟ್ಟಿದ. ಆತ ಗುಮ್ಮಡಿ ವಿಠಲ ರಾವ್, ಮುಂದೆ ಗದ್ದರ್. ಬಿಡುಗಡೆ ಸಮಾರಂಭಕ್ಕೆ ಕರೆಸಿಕೊಂಡವನಿಗೂ ಹಾಡಿನೊಳಗೆ ಎದುರು ನಿಂತು ಕೇಳುವವನಿಗೂ ಇರುವ ದೂರವೇ ಪುಟದ ಪಕ್ಷ ಮತ್ತು ಹಾಡಿನ ಪಕ್ಷಗಳ ನಡುವಿನ ದೂರ.

ಹಾಗೆಂದು ಪುಟದ ಪಕ್ಷವನ್ನು ತಳ್ಳಿಹಾಕಲಾಗದು. ತೆಲುಗಿನ ಸ್ತ್ರೀವಾದಿ ಕವಿತೆ, ‘ನೀಲಿ ಮೇಘಾಲು’ (1993) ಸಂಕಲನದಲ್ಲಿ ಒಟ್ಟಾದದ್ದು, ಹೆಚ್ಚಿನಂಶ ವಚನ ಕವಿತೆಯೇ. ಮನೆಯೊಳಗಿನ ಹಿಂಸೆ, ದೇಹ, ಬಸಿರು, ಅಡುಗೆಮನೆ ಇವನ್ನು ಹತ್ತು ಸಾವಿರ ಜನರ ಸಭೆಯಲ್ಲಿ ಕೋರಸ್ಸಿನಲ್ಲಿ ಹೇಳಲು ಬರುವುದಿಲ್ಲ. ಒಬ್ಬಳು ಒಬ್ಬಳಿಗೆ ಹೇಳುವ ದನಿ ಬೇಕು. ನಮ್ಮ ಬಂಡಾಯ ಕಾವ್ಯದ ಮೇಲೆ ‘ಬರೀ ಘೋಷಣೆ’ ಎಂಬ ಆರೋಪ ಬಂದಾಗ ಎದ್ದ ಜಗಳದ ಒಳಗೂ ಈ ಸತ್ಯದ ಒಂದು ತುಣುಕಿತ್ತು. ಆರೋಪ ಹೊರಿಸಿದವರು ಅದನ್ನು ಅತಿಯಾಗಿ ಎಳೆದರು ಎಂಬುದು ಬೇರೆ ಮಾತು.

ಹಾಡು ಎಂದರೆ ಕೆಲಸ

ಎರಡನೆಯ ಪಕ್ಷ ಸಂಘಟನೆಯದು. 1970ರ ಜುಲೈ 4ರಂದು ಹೈದರಾಬಾದಿನಲ್ಲಿ ತೆಲುಗು ಕವಿ ಶ್ರೀಶ್ರೀ ಅಧ್ಯಕ್ಷತೆಯಲ್ಲಿ ವಿಪ್ಲವ ರಚಯಿತಲ ಸಂಘ, ಅಂದರೆ ವಿರಸಂ ಹುಟ್ಟಿತು. ದಿಗಂಬರ ಕವಿ ಚೆರಬಂಡ ರಾಜು ಅದಕ್ಕೆ ಬಂದರು, ಹಾಡು ಬರೆಯತೊಡಗಿದರು. ಬಿ. ನರಸಿಂಗ ರಾವ್ ಕಟ್ಟಿದ್ದ ಆರ್ಟ್ ಲವರ್ಸ್ ಬಳಗಕ್ಕೆ ಗದ್ದರ್ ಬಂದು ಸೇರಿದರು. 1972ರ ಹೊತ್ತಿಗೆ ಅದು ಜನನಾಟ್ಯ ಮಂಡಳಿಯಾಯಿತು. ಸಂಸ್ಕೃತಿ ಕ್ರಾಂತಿಯ ಅಂಗವೆಂದ ಮಾವೋನ 1942ರ ಯೆನಾನ್ ಭಾಷಣಗಳ ನೆರಳು ಈ ಪಕ್ಷದ ಮೇಲೆ ನಿಚ್ಚಳವಾಗಿದೆ. ಹಾಡು ಚೆನ್ನಾಗಿದೆಯೇ ಎಂದು ಇವರು ಮೊದಲು ಕೇಳುವುದಿಲ್ಲ. ಅದು ಏನು ಮಾಡಿತು ಎಂದು ಕೇಳುತ್ತಾರೆ.

ನರಸಿಂಗ ರಾವ್ ನಿರ್ಮಾಣದಲ್ಲಿ ಪಾಲುಗೊಂಡ, ಗೌತಮ್ ಘೋಷ್ ನಿರ್ದೇಶಿಸಿದ ‘ಮಾ ಭೂಮಿ’ (1980) ಚಿತ್ರದಲ್ಲಿ ಗದ್ದರ್ ಬಂಡಿ ಯಾದಗಿರಿಯ ಹಾಡನ್ನು ಹಾಡುತ್ತ ಪರದೆಯ ಮೇಲೆ ಬರುತ್ತಾರೆ. ಹೆಗಲ ಮೇಲೆ ಕಂಬಳಿ, ಮೊಣಕಾಲ ಮೇಲೆ ಕಟ್ಟಿದ ಪಂಚೆ, ಕೈಯಲ್ಲಿ ಕೋಲು, ಕಾಲಿಗೆ ಗೆಜ್ಜೆ. ಈ ವೇಷ ಮುಂದೆ ಇಡೀ ಪರಂಪರೆಯ ಗುರುತಾಯಿತು. ವೇದಿಕೆಯ ಮೇಲೆ ಅವರನ್ನು ನೋಡಿದವರಿಗೆ ಇನ್ನೊಂದು ಗೊತ್ತು. ಗದ್ದರ್ ಹಾಡನ್ನು ಆರಂಭದಿಂದ ಕೊನೆವರೆಗೆ ಒಂದೇ ಓಟದಲ್ಲಿ ಹಾಡುತ್ತಿದ್ದದ್ದು ಅಪರೂಪ. ಎರಡು ಸಾಲು ಹಾಡಿ ನಿಲ್ಲುತ್ತಾರೆ. ಗೆಜ್ಜೆ ಸಣ್ಣಗೆ ಕುಟ್ಟುತ್ತಲೇ ಇರುತ್ತದೆ. ಅದರ ಮೇಲೆ ಮಾತು ಶುರು: ಆ ವಾರ ಆ ಊರಲ್ಲಿ ಏನಾಯಿತು, ಅಕ್ಕಿಗೆ ಎಷ್ಟಾಯಿತು, ಯಾರನ್ನು ಎನ್‌ಕೌಂಟರಿನಲ್ಲಿ ಕೊಂದರು. ಮಾತು ಏರುತ್ತ ಏರುತ್ತ ಒಂದು ಹಂತದಲ್ಲಿ ತಾನೇ ತಾಳಕ್ಕೆ ಬೀಳುತ್ತದೆ. ಹಿಮ್ಮೇಳ ಪಲ್ಲವಿ ಎತ್ತಿಕೊಳ್ಳುತ್ತದೆ. ಗಾಯನ ಬಿಟ್ಟ ಜಾಗವನ್ನು ಮಾತು ತುಂಬುವ ಈ ಕ್ರಮ ಕಿಂಗ್‌ಸ್ಟನ್ನಿನ ಡೀಜೇಗಳು ಮಾಡಿದ್ದಕ್ಕೆ ತೀರ ಹತ್ತಿರ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ, ಓದು ಬರಹಕ್ಕಿಂತ ಕಿವಿಯನ್ನು ನಂಬುವ ಎರಡು ಸಮಾಜಗಳು ಒಂದೇ ಬಗೆಯಲ್ಲಿ ಕಂಡುಕೊಂಡದ್ದು.

ಎಂಬತ್ತರ ದಶಕದ ನಡುವಿನಲ್ಲಿ ಗದ್ದರ್ ಭೂಗತರಾದರು. ಅವರು ಎದುರಿಗಿಲ್ಲದ ಆ ವರ್ಷಗಳಲ್ಲಿ ಕ್ಯಾಸೆಟ್ ಅವರ ಬದಲು ಓಡಾಡಿತು. 1990ರ ಫೆಬ್ರುವರಿಯಲ್ಲಿ ಅವರು ಮತ್ತೆ ನಿಜಾಮ್ ಕಾಲೇಜು ಮೈದಾನದ ವೇದಿಕೆಗೆ ಬಂದಾಗ ಸೇರಿದ ಜನಸಾಗರದಲ್ಲಿ ಎಷ್ಟೋ ಮಂದಿಗೆ ಆ ದನಿ ಟೇಪ್ ರೆಕಾರ್ಡರಿನಿಂದ ಪರಿಚಿತವಾಗಿತ್ತು. ಹೀಗಾಗಿ ಮುದ್ರಿಕೆಯೆಂದರೆ ಹಾಡಿನ ಸಾವು ಎಂಬ ಮಾತನ್ನು ಹೈದರಾಬಾದಿನ ಅನುಭವ ಪೂರ್ತಿ ಒಪ್ಪುವುದಿಲ್ಲ.

ಈ ಕೆಲಸಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. 1997ರ ಏಪ್ರಿಲ್ 6ರಂದು ಗದ್ದರ್ ಮೇಲೆ ಅವರ ಮನೆಯಲ್ಲೇ ಗುಂಡು ಹಾರಿಸಲಾಯಿತು. ಒಂದು ಗುಂಡು ಕೊನೆಯವರೆಗೂ ಮೈಯಲ್ಲೇ ಉಳಿಯಿತು. 1999ರಲ್ಲಿ ತೆಲಂಗಾಣದ ಹಾಡುಗಾರ್ತಿ ಬೆಲ್ಲಿ ಲಲಿತಾ ಅವರನ್ನು ಕೊಂದು ದೇಹವನ್ನು ತುಂಡು ತುಂಡು ಮಾಡಿದರು. 1983ರಲ್ಲಿ ಜಮೈಕಾದಲ್ಲಿ ಮೈಕೇಲ್ ಸ್ಮಿತ್ ಅವರನ್ನು ಕಲ್ಲು ಹೊಡೆದು ಕೊಂದಿದ್ದರು. ರಾಜಕೀಯ ಹಾಡು ನಿಜಕ್ಕೂ ಯಾರಿಗಾದರೂ ನಾಟುತ್ತದೆಯೇ ಎಂದು ಕೇಳುವವರು ಈ ಮೂರು ಹೆಸರುಗಳನ್ನು ನೆನೆಯಬೇಕು.

ದಪ್ಪು ತಾನೇ ಮಾತಾದಾಗ

ಮೂರನೆಯ ಪಕ್ಷ ದಲಿತ ಚಳವಳಿಯೊಳಗಿಂದ ಎದ್ದದ್ದು. ಇದುವರೆಗೆ ಪದಗಳಲ್ಲಿ ಹುಡುಕುತ್ತಿದ್ದ ರಾಜಕೀಯವನ್ನು ಇವರು ವಾದ್ಯದಲ್ಲಿ ತೋರಿಸಿದರು. ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ತಿರುವು ಇದು.

1985ರ ಜುಲೈ 17ರಂದು ಆಂಧ್ರದ ಕಾರಂಚೇಡುವಿನಲ್ಲಿ ಭೂಮಾಲೀಕ ಜಾತಿಯವರು ಆರು ಮಂದಿ ಮಾದಿಗರನ್ನು ಕೊಂದರು. ಗದ್ದರ್ ಕಾರಂಚೇಡುವಿನ ದಲಿತರ ಪ್ರತಿರೋಧದ ಮೇಲೆ ಕಟ್ಟಿದ ಹಾಡು ನಾಡಿನಾದ್ಯಂತ ಹಬ್ಬಿತು. ವರ್ಗದ ಭಾಷೆಯಲ್ಲೇ ಹಾಡುತ್ತಿದ್ದ ವೇದಿಕೆ ಜಾತಿಯ ಹೆಸರನ್ನು ಎತ್ತಿ ಹೇಳಬೇಕಾಗಿ ಬಂತು. ಆಮೇಲಿನ ಪ್ರಶ್ನೆ ಸಹಜವಾಗಿಯೇ ಬಂತು: ಕ್ರಾಂತಿಯ ಹಾಡಿಗೆ ತಾಳ ಕೊಟ್ಟ ದಪ್ಪು ಯಾರದು?

ದಪ್ಪು ನಮ್ಮ ಹಲಗೆಯ ಒಡಹುಟ್ಟು. ಮರದ ಬಳೆಗೆ ಹದಮಾಡಿದ ಚರ್ಮ ಬಿಗಿದು, ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿದಷ್ಟೂ ದನಿ ಏರುತ್ತದೆ. ತಣಿದರೆ ಇಳಿಯುತ್ತದೆ, ಮತ್ತೆ ಬೆಂಕಿಗೆ ಹೋಗಬೇಕು. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ. ದಪ್ಪ ಕೋಲು ನಡೆ ಹಾಕುತ್ತದೆ, ಕಡ್ಡಿ ಅದರ ನಡುವೆ ಮಾತಾಡುತ್ತದೆ. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಮಾದಿಗರು ಇದನ್ನು ಬಾರಿಸಲೇಬೇಕು ಎಂಬುದು ಊರ ಕಟ್ಟಳೆಯಾಗಿತ್ತು. ಮುಟ್ಟಬಾರದ ಕೈಗಳು ಬಾರಿಸಿದ್ದು ಇಡೀ ಊರಿಗೆ ಕೇಳಬೇಕಿತ್ತು.

ಇಲ್ಲಿ ದಲಿತ ಚಳವಳಿಯೊಳಗೇ ಎರಡು ದಾರಿಗಳಿವೆ. ಒಂದು, ಬಿಡುವ ದಾರಿ. ಬಿಟ್ಟಿ ಚಾಕರಿಯ ಗುರುತಾದ ವಾದ್ಯವನ್ನು ಕೈಬಿಡುವುದೇ ಸ್ವಾಭಿಮಾನ ಎಂದು ಕರ್ನಾಟಕದ ಎಷ್ಟೋ ಕೇರಿಗಳು ಹಲಗೆ ಬಾರಿಸುವುದನ್ನು ನಿಲ್ಲಿಸಿದವು. ಇನ್ನೊಂದು, ಮರಳಿ ಪಡೆಯುವ ದಾರಿ. 1994ರಲ್ಲಿ ಹುಟ್ಟಿದ ಮಾದಿಗ ದಂಡೋರ ಚಳವಳಿ ದಪ್ಪುವನ್ನೇ ತನ್ನ ಹೆಮ್ಮೆಯ ಗುರುತು ಮಾಡಿಕೊಂಡಿತು. ಒಳಮೀಸಲಾತಿ ಕುರಿತ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಅದರ ಜಾರಿಗೆ ಒತ್ತಾಯಿಸಿ ಆ ಚಳವಳಿಯ ನಾಯಕ ಮಂದ ಕೃಷ್ಣ ಮಾದಿಗ ಅವರು ಹೈದರಾಬಾದಿನಲ್ಲಿ ಲಕ್ಷ ದಪ್ಪುಗಳ ಕಾರ್ಯಕ್ರಮವನ್ನು ಘೋಷಿಸಿದ್ದರು. ಮನವಿ ಪತ್ರದ ಜಾಗದಲ್ಲಿ ಬಡಿತವನ್ನೇ ಮುಂದಿಡುವ ರಾಜಕೀಯ ಇದು.

ಎರಡು ದಾರಿಗಳಲ್ಲಿ ಯಾವುದು ಸರಿ ಎಂದು ಹೊರಗಿನವರು ತೀರ್ಪು ಕೊಡಲಾಗದು. ಆದರೆ ಇವೆರಡೂ ಸೇರಿ ಒಂದನ್ನು ಖಚಿತಪಡಿಸಿವೆ: ಬಡಿತ ಪದಗಳಿಗೆ ಹಾಕಿದ ಅಲಂಕಾರವಲ್ಲ. ಅದಕ್ಕೆ ಒಡೆಯರಿದ್ದಾರೆ, ಗಾಯಗಳಿವೆ. ರೆಗೆಯಲ್ಲೂ ಹೀಗೆಯೇ. ಅದರ ಬೇರುಗಳಲ್ಲೊಂದಾದ ರಾಸ್ತಾಫಾರಿ ಪಂಥದವರ ಡೋಲು ದಶಕಗಳ ಕಾಲ ಜಮೈಕಾದ ಮೇಲ್ವರ್ಗದ ತಾತ್ಸಾರಕ್ಕೆ ಗುರಿಯಾಗಿತ್ತು. ಜಾನ್ಸನ್ ತಮ್ಮ ಕವಿತೆಗೆ ಆ ಬಡಿತವನ್ನು ಆರಿಸಿಕೊಂಡಾಗ ಮೊದಲ ಪದ ಉಚ್ಚರಿಸುವ ಮುಂಚೆಯೇ ಒಂದು ಪಕ್ಷ ಹಿಡಿದಾಗಿತ್ತು. ಕನ್ನಡದಲ್ಲಿ 1975ರ ‘ಹೊಲೆ ಮಾದಿಗರ ಹಾಡು’ ಬಂದ ಮೇಲೆ ಸಿದ್ದಲಿಂಗಯ್ಯನವರ ಕವಿತೆಗಳನ್ನು ದಲಿತ ಸಂಘರ್ಷ ಸಮಿತಿಯ ಹಾಡುಗಾರರು ತಮಟೆಯ ಜೊತೆ ಊರೂರಿಗೆ ಒಯ್ದದ್ದೂ ಇದೇ ಅರ್ಥದಲ್ಲಿ. ನಮ್ಮ ಸುಗಮ ಸಂಗೀತದ ಕ್ಯಾಸೆಟ್ ಉದ್ಯಮ ಬೆಳೆದ ಕಾಲದಲ್ಲಿ ಆ ಬಡಿತಕ್ಕೆ ಅದರಲ್ಲಿ ಸಿಕ್ಕ ಜಾಗ ಬಹಳ ಕಡಿಮೆ. ಹಾರ್ಮೋನಿಯಂ, ಕೊಳಲು, ತಬಲಾಗಳು ಕನ್ನಡ ಕವಿತೆಯ ಅಧಿಕೃತ ದನಿಯಾದವು. ಇದು ನಮ್ಮ ಸಂಗೀತ ಚರಿತ್ರೆಯ ದೊಡ್ಡ ನಷ್ಟ ಎಂದೇ ನನ್ನ ಭಾವನೆ.

ಸ್ಟುಡಿಯೋದ ವಾದ

ನಾಲ್ಕನೆಯ ಪಕ್ಷ ಆಲ್ಬಮ್ಮಿನದು. ಒಳ್ಳೆಯ ಧ್ವನಿಮುದ್ರಣ ಎಂದರೆ ಸಭೆಯ ನಕಲಲ್ಲ, ಅದು ಬೇರೆಯೇ ಒಂದು ಕೃತಿ ಎಂಬುದು ಇವರ ನಂಬಿಕೆ. 1980ರಲ್ಲಿ ಜಾನ್ಸನ್ ಮತ್ತು ಬೊವೆಲ್ ‘ಎಲ್‌ಕೆಜೆ ಇನ್ ಡಬ್’ ತಂದಾಗ ಕವಿತೆಯನ್ನೇ ಬಹುಪಾಲು ತೆಗೆದುಹಾಕಿದ್ದರು. ಗುಂಡಿಗಳ ಎದುರು ಕೂತವನು ದನಿಯನ್ನು ಇಳಿಸುತ್ತಾನೆ, ಒಂದು ಪದ ಪ್ರತಿಧ್ವನಿಯಾಗಿ ದೂರ ಸರಿಯುತ್ತದೆ, ಬೇಸ್ ಒಂದೇ ಉಳಿಯುತ್ತದೆ. ಮೂಲ ಕವಿತೆ ಬಲ್ಲವನ ತಲೆಯಲ್ಲಿ ಆ ಮೌನ ತುಂಬಿಕೊಳ್ಳುತ್ತದೆ. ಸಭೆಯಲ್ಲಿ ಹಿಮ್ಮೇಳ ಮಾಡುವ ಕೆಲಸವನ್ನು ಇಲ್ಲಿ ಕೇಳುಗನ ನೆನಪು ಮಾಡುತ್ತದೆ.

ಭಾರತದಲ್ಲಿ ಈ ದಾರಿಯಲ್ಲಿ ನಡೆದ ಪ್ರಯತ್ನಗಳು ಕೆಲವು. ದೆಹಲಿಯ ತರು ದಾಲ್ಮಿಯಾ ‘ವರ್ಡ್ ಸೌಂಡ್ ಪವರ್’ ಯೋಜನೆಯಲ್ಲಿ ಪಂಜಾಬಿನ ದಲಿತ ಗಾಯಕ ಬಂತ್ ಸಿಂಗ್ ಜೊತೆಗೂ, ಆಮೇಲೆ ಒಡಿಶಾದ ಗಣಿವಿರೋಧಿ ಹೋರಾಟದ ಹಾಡುಗಾರರ ಜೊತೆಗೂ ರೆಗೆ ಮತ್ತು ಡಬ್ ಬಡಿತಗಳನ್ನು ಸೇರಿಸಿ ಮುದ್ರಿಸಿದರು. ಚೆನ್ನೈನಲ್ಲಿ ಪಾ. ರಂಜಿತ್ ಮತ್ತು ತೆನ್ಮಾ ಕಟ್ಟಿದ, 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಏರಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಗಾನಾ, ರ‍್ಯಾಪ್, ರಾಕ್‌ಗಳನ್ನು ಬೆಸೆಯಿತು. ಹೈದರಾಬಾದಿನಲ್ಲಿ ಸ್ಟುಡಿಯೋ ಎಂದರೆ ಹೆಚ್ಚಾಗಿ ಸಿನಿಮಾ. ಕ್ರಾಂತಿಯ ಹಾಡು ಉದ್ಯಮಕ್ಕೆ ಹೊಕ್ಕದ್ದೂ ಆರ್. ನಾರಾಯಣಮೂರ್ತಿ ನಟಿಸಿದ ‘ಎರ್ರ ಸೈನ್ಯಂ’ (1994), ‘ಒರೇಯ್ ರಿಕ್ಷಾ’ (1995) ಮೊದಲಾದ ಚಿತ್ರಗಳ ಮೂಲಕ. ಅಲ್ಲಿ ಮಿಶ್ರಫಲ ಸಿಕ್ಕಿತು. ಹಾಡುಗಳು ಗಡಿ ದಾಟಿ ರಾಯಚೂರು, ಬಳ್ಳಾರಿಯ ಟೆಂಟುಗಳವರೆಗೂ ಬಂದವು. ಆದರೆ ಪಿಟೀಲುಗಳ ದಂಡು, ಸಿಂಥಸೈಜರ್ ಸೇರಿ ಗೆಜ್ಜೆಯ ಸಣ್ಣ ಕುಟ್ಟು ಎಲ್ಲಿಯೋ ಹೂತುಹೋಯಿತು. ಹಳೆ ನಗರದ ದಖನಿ ರ‍್ಯಾಪ್ ಇನ್ನೊಂದು ಕವಲು. 2018ರ ಹೊತ್ತಿಗೆ ರುಹಾನ್ ಅರ್ಷದ್ ಅವರ ‘ಮಿಯಾಂ ಭಾಯ್’ ಆ ಆಡುನುಡಿಯನ್ನು ಕೋಟ್ಯಂತರ ಫೋನುಗಳಿಗೆ ಮುಟ್ಟಿಸಿತು. ದಖನಿಯ ಲಯ ಡಬ್ ಕಾವ್ಯಕ್ಕೆ ಹೇಳಿ ಮಾಡಿಸಿದಂತಿದೆ. ಮಖ್ದೂಮರ ಊರಿನ ಈ ಹೊಸ ದನಿ ರಾಜಕೀಯ ಕವಿತೆಯನ್ನು ಇನ್ನೂ ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಿದೆ.

ಆಲ್ಬಮ್ ಪಕ್ಷಕ್ಕೆ ಒಳಗಿನಿಂದಲೇ ಬಂದ ಅತಿ ಚೂಪಾದ ಟೀಕೆ ಜೀನ್ ‘ಬಿಂಟಾ’ ಬ್ರೀಝ್ ಅವರದು. ಡಬ್ ಕವಿಗಳಲ್ಲಿ ಮೊದಲ ಹೆಣ್ಣುದನಿ ಎಂದು ಹೆಸರಾದ ಅವರು, ರೆಗೆಯ ಕಟ್ಟುನಿಟ್ಟಾದ ಬಡಿತವೂ ಅದರ ಗಂಡುಗತ್ತಿನ ಸಭೆಯೂ ಹೆಣ್ಣಿನ ಅನುಭವಕ್ಕೆ ಎಷ್ಟು ಜಾಗ ಬಿಡುತ್ತವೆ ಎಂದು ನೇರವಾಗಿ ಕೇಳಿದರು. ತೆಲಂಗಾಣದಲ್ಲಿ ಅರುಣೋದಯ ತಂಡದ ವಿಮಲಕ್ಕ ಬತುಕಮ್ಮ ಹಾಡಿನ ಮಟ್ಟನ್ನೇ ಹೋರಾಟಕ್ಕೆ ತಂದದ್ದನ್ನು ಈ ಪ್ರಶ್ನೆಗೆ ಒಂದು ಉತ್ತರವಾಗಿ ನೋಡಬಹುದು. ಹೆಂಗಸರು ಸುತ್ತುಗಟ್ಟಿ ಚಪ್ಪಾಳೆ ತಟ್ಟುವ ಆ ತಾಳಕ್ಕೆ ಡೋಲಿನ ಹಂಗಿಲ್ಲ.

ಸರ್ಕಾರದ ಕೈ

ಇತ್ತೀಚಿನ ಎರಡು ದಶಕಗಳಲ್ಲಿ ಈ ನಕ್ಷೆಗೆ ಹೊಸ ಶಕ್ತಿಯೊಂದು ಸೇರಿದೆ. 2002ರಲ್ಲಿ ಕಾಮಾರೆಡ್ಡಿಯಲ್ಲಿ ಶುರುವಾದ ‘ಧೂಂ ಧಾಂ’ ಪ್ರತ್ಯೇಕ ತೆಲಂಗಾಣ ಚಳವಳಿಯ ಹಾಡಿನ ವೇದಿಕೆಯಾಯಿತು. ಅದರ ಮುಂದಾಳು ರಸಮಯಿ ಬಾಲಕಿಶನ್ ಶಾಸಕರಾದರು. ರಾಜ್ಯ ಬಂದ ಮೇಲೆ ತೆಲಂಗಾಣ ಸಾಂಸ್ಕೃತಿಕ ಸಾರಥಿ ಎಂಬ ಸಂಸ್ಥೆ ಸುಮಾರು 550 ಕಲಾವಿದರನ್ನು ಸಂಬಳಕ್ಕೆ ತೆಗೆದುಕೊಂಡಿತು. ಹಸಿದ ಹಾಡುಗಾರನಿಗೆ ಸಂಬಳ ಸಿಕ್ಕಿದ್ದನ್ನು ಹಗುರವಾಗಿ ಆಡಬಾರದು. ಆದರೆ ಸರ್ಕಾರದ ಯೋಜನೆ ಹಾಡುವ ದನಿ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆಯನ್ನು ಯಾವಾಗ ಕೇಳೀತು?

ಶಾಲೆಯ ಮೆಟ್ಟಿಲು ಹತ್ತದೆ ದನ ಕುರಿ ಕಾಯ್ದು ಬೆಳೆದ ಅಂದೆಶ್ರೀ ಬರೆದ ಚಳವಳಿಯ ಹಾಡು 2024ರ ಜೂನ್ 2ರಂದು ತೆಲಂಗಾಣದ ನಾಡಗೀತೆಯಾಯಿತು. ಸಂಗೀತ ಎಂ.ಎಂ. ಕೀರವಾಣಿಯವರದು. ಎರಡೂವರೆ ನಿಮಿಷದ ಒಂದು ರೂಪ, ಹದಿಮೂರೂವರೆ ನಿಮಿಷದ ಇನ್ನೊಂದು. ತೆಲಂಗಾಣದ ಚಿತ್ರ ಸಂಗೀತಗಾರರ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದು, ಆಂಧ್ರದವರಿಗೆ ಈ ಕೆಲಸ ಕೊಟ್ಟದ್ದು ತಪ್ಪು ಎಂದಿತು. ಸಂಘದ ವಾದದಲ್ಲಿ ಪ್ರಾದೇಶಿಕ ಸಂಕುಚಿತತೆ ಇರಬಹುದು. ಆದರೂ ಪದ ನಮ್ಮವರದಾದರೆ ಸಾಲದು, ಅದರ ಮಟ್ಟು ಯಾರ ಕೈಯಿಂದ ಬರುತ್ತದೆ ಎಂಬುದೂ ರಾಜಕೀಯವೇ ಎಂದು ಅವರು ಹೇಳಿದ್ದು ಈ ಲೇಖನದ ಉದ್ದಕ್ಕೂ ನೋಡಿದ ಪ್ರಶ್ನೆಯೇ.

ಗದ್ದರ್ ‘ಒರೇಯ್ ರಿಕ್ಷಾ’ದ ಹಾಡಿಗೆ ಬಂದ ಸರ್ಕಾರದ ನಂದಿ ಪ್ರಶಸ್ತಿಯನ್ನು ಬೇಡವೆಂದಿದ್ದರು. 2023ರ ಆಗಸ್ಟ್ 6ರಂದು ಅವರು ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಈಗ ತೆಲಂಗಾಣ ಸರ್ಕಾರದ ಚಲನಚಿತ್ರ ಪ್ರಶಸ್ತಿಗಳೇ ಗದ್ದರ್ ಹೆಸರಿನಲ್ಲಿವೆ. 2025ರ ಜೂನಿನಲ್ಲಿ ಮೊದಲ ಸಲ ಪ್ರದಾನವಾದವು. ಜನ ಗೆದ್ದರು, ಅವರ ಹಾಡುಗಾರನಿಗೆ ಸಲ್ಲಬೇಕಾದ ಗೌರವ ಸಂದಿತು ಎನ್ನುವವರಿದ್ದಾರೆ. ಹಾಡಿನ ಹಲ್ಲು ಕಿತ್ತು ಹೆಸರನ್ನು ಮಾತ್ರ ಉಳಿಸಿಕೊಂಡರು ಎನ್ನುವವರೂ ಇದ್ದಾರೆ. ಎರಡರಲ್ಲೂ ಹುರುಳಿದೆ.

ಇನ್ನೂ ಬಗೆಹರಿಯದ್ದು

ಯಾವ ಪಾಠ ಮೂಲ ಎಂಬುದು ಮೊದಲ ತೊಡಕು. ಜಾನ್ಸನ್ ಕವಿತೆಗಳು 2002ರಲ್ಲಿ ಪೆಂಗ್ವಿನ್ ಮಾಡರ್ನ್ ಕ್ಲಾಸಿಕ್ಸ್ ಮಾಲೆಯಲ್ಲಿ ಬಂದವು. ಆ ಮಾಲೆ ಸೇರಿದ ಮೊದಲ ಕಪ್ಪು ಕವಿ ಅವರು. 1996ರಲ್ಲಿ ವಾದ್ಯವಿಲ್ಲದ ಬರಿಗಂಟಲ ಆಲ್ಬಮ್ಮನ್ನೂ ಅವರು ತಂದಿದ್ದರು. ಪುಟ, ಆಲ್ಬಮ್, ಬರಿದನಿ ಮೂರೂ ಸಿಗುವುದರಿಂದ ಅವರನ್ನು ಓದುವವನಿಗೆ ಹೋಲಿಸಲು ಆಧಾರವಿದೆ. ಗದ್ದರ್ ಹಾಡುಗಳಿಗೆ ಆ ಭಾಗ್ಯವಿಲ್ಲ. ಸಭೆಯಿಂದ ಸಭೆಗೆ ಬದಲಾದ ಮಾತುಗಳಲ್ಲಿ ಯಾವುದನ್ನು ಅಚ್ಚು ಹಾಕಬೇಕು? ನಡುವಿನ ಭಾಷಣವನ್ನು ಬಿಟ್ಟರೆ ಉಳಿಯುವುದು ಅದೇ ಹಾಡೇ? ಊರೂರಲ್ಲಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಅಂಟಿಕೊಂಡು ಹಾಳಾಗುವ ಮೊದಲು ಯಾರಾದರೂ ಒಟ್ಟು ಹಾಕದಿದ್ದರೆ ಈ ಪ್ರಶ್ನೆಯನ್ನು ಕೇಳಲೂ ಸಾಧ್ಯವಾಗದು.

ಒಡೆತನವೂ ಗೋಜಲು. ತೆಲಂಗಾಣದ ಕವಿ ಗೂಡ ಅಂಜಯ್ಯನವರ ಹಾಡೊಂದು ಎಷ್ಟೋ ಭಾಷೆಗಳಿಗೆ ಹೋಯಿತು. ಹಾಡಿದ ಬಹುಪಾಲು ಜನಕ್ಕೆ ಬರೆದವರ ಹೆಸರು ಗೊತ್ತಿರಲಿಲ್ಲ. ಚಳವಳಿಗೆ ಅದು ಹೆಮ್ಮೆ. ಜಾಲತಾಣದಲ್ಲಿ ಅದೇ ಹಾಡಿನಿಂದ ಬೇರೊಬ್ಬರು ದುಡ್ಡು ಮಾಡುವಾಗ, ಬರೆದವರ ಮನೆಯವರು ಕೈಕಟ್ಟಿ ಕೂರಬೇಕೇ? ಜನಪದ ಮಟ್ಟಿನ ಮೇಲೆ ಕಟ್ಟಿದ ಹಾಡಿಗೆ ಹಕ್ಕುಸ್ವಾಮ್ಯ ಯಾರದು ಎಂಬುದಕ್ಕೆ ಕಾನೂನಿನ ಬಳಿಯೂ ಚಳವಳಿಯ ಬಳಿಯೂ ಒಪ್ಪುವ ಉತ್ತರವಿಲ್ಲ.

ಹಾಗೆಯೇ ಬಡಿತದ ಪ್ರಶ್ನೆ. ದಪ್ಪುವಿನ ದನಿ ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆ. ಚರ್ಮವಿಲ್ಲದೆ, ಬೆಂಕಿಯಿಲ್ಲದೆ, ಬಾರಿಸುವ ಮನುಷ್ಯನಿಲ್ಲದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2016ರ ಜನವರಿ 17ರಂದು ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡ ನಂತರದ ತಲೆಮಾರು ಹಾಡನ್ನೂ ರ‍್ಯಾಪನ್ನೂ ಒಟ್ಟಿಗೇ ಕೇಳಿ ಬೆಳೆದದ್ದು. ಅವರಲ್ಲಿ ಯಾರಾದರೂ ನಾಳೆ ಲ್ಯಾಪ್‌ಟಾಪಿನ ದಪ್ಪು ಮತ್ತು ರೆಗೆಯ ಬೇಸ್ ಇಟ್ಟು ತೆಲುಗಿನಲ್ಲೋ ದಖನಿಯಲ್ಲೋ ಗಡಿಯಾಚೆ ಕಲಬುರಗಿಯ ಕನ್ನಡದಲ್ಲೋ ಆಲ್ಬಮ್ ಮಾಡಿದರೆ, ಜಾತಿಯ ಹೊರೆಯಿಂದ ವಾದ್ಯ ಬಿಡುಗಡೆಯಾಯಿತು ಎನ್ನಬೇಕೋ, ಅದನ್ನು ನೂರಾರು ವರ್ಷ ಕಾಯಿಸಿ ಬಾರಿಸಿದವರನ್ನೇ ಹೊರಗಿಟ್ಟಂತಾಯಿತು ಎನ್ನಬೇಕೋ? ಬಿಡುವ ದಾರಿಯವರು, ಮರಳಿ ಪಡೆಯುವ ದಾರಿಯವರು, ಸ್ಟುಡಿಯೋದವರು ಮೂವರೂ ಒಂದೇ ಕೋಣೆಯಲ್ಲಿ ಕೂತು ಇದನ್ನು ಇನ್ನೂ ಮಾತಾಡಬೇಕಾಗಿದೆ.